ಪುಸ್ತಕದ ಬಸ್ಸು ಒರಗಿದ ಬಗೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಮನೆಗೆ ಬಂದು ಕೇಳಿದಾಗ, ಶಾಲೆಯ ಸ್ಥಾಪನೆಯ ಕಷ್ಟಗಳನ್ನೂ ದಾನಿಗಳ ಔದಾರ್ಯವನ್ನೂ ಕುರಿತೇ ನಾನು ಬರೆಯುವೆನೆಂದು ಅವರು ಎಣಿಸಿದ್ದರು. ಆ ವಿಷಯಗಳನ್ನು ನನಗಿಂತ ಚೆನ್ನಾಗಿ ಬಲ್ಲ ಹಿರಿಯರು ಇದೇ ಸಂಚಿಕೆಯಲ್ಲಿ ಬರೆದಿದ್ದಾರೆ. ನಾನು ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿ, ಶಿಕ್ಷಕರ ತರಬೇತಿ ಪಡೆದು, ಮೂವತ್ತು ವರ್ಷಗಳಿಗೂ ಮಿಕ್ಕಿ ಗಣಿತ ಮತ್ತು ವಿಜ್ಞಾನಗಳನ್ನು ಹೇಳಿಕೊಟ್ಟವನು. ನಿವೃತ್ತನಾದ ಮೇಲೆ ನಾನು ಕಲಿತ ಒಂದು ಪಾಠವಿದೆ. ಅದು ನಮ್ಮ ಪುಸ್ತಕದ ಬಸ್ಸಿಗೆ ಸಂಬಂಧಿಸಿದ್ದು. ಅದನ್ನೇ ಇಲ್ಲಿ ಹೇಳುತ್ತೇನೆ. ಬಸ್ಸನ್ನು ಕೊಡಿಸಿದ ಹಳೆಯ ವಿದ್ಯಾರ್ಥಿಗಳಿಗೆ ಅದಕ್ಕೆ ಏನಾಯಿತೆಂದು ತಿಳಿಯುವ ಹಕ್ಕೂ ಇದೆಯಷ್ಟೆ.

ಹೊರಗಿನ ಓದುಗರಿಗಾಗಿ ಒಂದೆರಡು ಮಾತು. ೧೯೫೬ರ ನವೆಂಬರ್ ೧ರಂದು ಹೈದರಾಬಾದು ಸಂಸ್ಥಾನ ಭಾಷಾವಾರು ಹಂಚಿಹೋದಾಗ ರಾಯಚೂರು, ಕಲಬುರಗಿಗಳು ಮೈಸೂರು ರಾಜ್ಯಕ್ಕೆ ಸೇರಿದವು. ರಾಯಚೂರು ಜಿಲ್ಲೆಯ ಗದ್ವಾಲ, ಕಲಬುರಗಿ ಜಿಲ್ಲೆಯ ಕೊಡಂಗಲ್ ಮೊದಲಾದ ತಾಲೂಕುಗಳು ಆಂಧ್ರಪ್ರದೇಶದ ಪಾಲಾದವು. ಗೆರೆ ಎಳೆದವರು ನಕ್ಷೆಯ ಮೇಲೆ ಎಳೆದರು. ಮನೆಮಾತು ಗೆರೆಯನ್ನು ಕೇಳಲಿಲ್ಲ. ಕೋಸಗಿ, ನಾರಾಯಣಪೇಟೆ, ಮಕ್ತಲ್, ಕೃಷ್ಣಾ ಭಾಗದ ಮನೆಗಳಲ್ಲಿ ಇಂದಿಗೂ ಕನ್ನಡವಿದೆ. ೨೦೧೯ರ ಫೆಬ್ರವರಿಯಲ್ಲಿ ನಾರಾಯಣಪೇಟೆ ಜಿಲ್ಲೆಯಾದ ಮೇಲೆ ಕಚೇರಿಗಳು ಹತ್ತಿರ ಬಂದವು. ಕನ್ನಡ ಪುಸ್ತಕಗಳು ಮಾತ್ರ ಹತ್ತಿರ ಬರಲಿಲ್ಲ. ಅದಕ್ಕಾಗಿಯೇ ನಮ್ಮ ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಿ, ಹೈದರಾಬಾದು-ಬೆಂಗಳೂರು ನಡುವೆ ರಾತ್ರಿ ಓಡಿ ದಣಿದಿದ್ದ ಒಂದು ಖಾಸಗಿ ಬಸ್ಸನ್ನು ಕೊಂಡರು. ಆಸನಗಳನ್ನು ಕಿತ್ತು, ಕಪಾಟುಗಳನ್ನೂ ಪ್ರಯೋಗದ ಮೇಜನ್ನೂ ಕೂರಿಸಿ, ಅದನ್ನು ಸಂಚಾರಿ ಗ್ರಂಥಾಲಯವನ್ನಾಗಿ ಮಾಡಿದರು. ಇಂತಹ ಮಾರ್ಪಾಟಿಗೆ ೧೯೮೮ರ ಮೋಟಾರು ವಾಹನ ಕಾಯ್ದೆಯ ೫೨ನೆಯ ಕಲಮಿನಂತೆ ನೋಂದಣಿ ಅಧಿಕಾರಿಗಳ ಒಪ್ಪಿಗೆ ಬೇಕು, ಅದನ್ನೂ ಪಡೆದೆವು.

ಹಳೆಯ ಬಸ್ಸಿಗೆ ಹೊಸ ಕೆಲಸ ಕೊಡುವುದು ನಮ್ಮವರೇ ಮೊದಲು ಮಾಡಿದ್ದಲ್ಲ. ೨೦೨೦ರಲ್ಲಿ ಕೊರೋನಾ ಹಬ್ಬಿದಾಗ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು ತನ್ನ ಬಸ್ಸುಗಳನ್ನು ಸಂಚಾರಿ ಜ್ವರ ಚಿಕಿತ್ಸಾಲಯಗಳನ್ನಾಗಿ ಮಾಡಿತು. ಅದೇ ವರ್ಷ ಆಗಸ್ಟಿನಲ್ಲಿ ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ಹಳೆಯ ಬಸ್ಸೊಂದು ಮಹಿಳೆಯರ ಶೌಚಾಲಯವಾಯಿತು. ನಮ್ಮ ಬಸ್ಸಿಗೆ ಮಾತ್ರ ಒಂದು ವಿಶೇಷವಿತ್ತು. ಅದು ಉಕ್ಕಿನ ಪಟ್ಟಿಗಳ ಮೇಲಲ್ಲ, ಗಾಳಿಯ ಮೇಲೆ ನಿಂತಿತ್ತು.

ಸಾಮಾನ್ಯ ಬಸ್ಸು, ಲಾರಿ, ಟ್ರಾಕ್ಟರಿನ ಡಬ್ಬಿಗಳ ಅಚ್ಚಿನ ಮೇಲೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು ಇರುವುದನ್ನು ಎಲ್ಲರೂ ನೋಡಿದ್ದೇವೆ. ಅದು ಕಮಾನು ಪಟ್ಟಿ. ಮಿಸ್ತ್ರಿಗಳ ಬಾಯಲ್ಲಿ ಕಮಾನ್ ಪಟ್ಟಾ. ಗಾಳಿಯ ಬಸ್ಸಿನಲ್ಲಿ ಆ ಜಾಗದಲ್ಲಿ ದಪ್ಪ ರಬ್ಬರಿನ ಚೀಲಗಳಿರುತ್ತವೆ. ಮಿಸ್ತ್ರಿಗಳು ಅವನ್ನು ಬಲೂನು ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ. ನಮ್ಮ ಬಸ್ಸಿನಲ್ಲಿ ಮುಂದೆ ಎರಡು, ಹಿಂದೆ ನಾಲ್ಕು. ರಬ್ಬರಿನ ಚೀಲವೊಂದು ಬಸ್ಸನ್ನು ಹೊರುವುದೆಂದರೆ ಮೊದಲಿಗೆ ನಂಬುವುದು ಕಷ್ಟ. ಆದರೆ ಲೆಕ್ಕ ಸರಳ. ಬಲೂನಿನ ಅಗಲ ೨೫ ಸೆಂಟಿಮೀಟರ್ ಎಂದರೆ ಅದರ ಕ್ಷೇತ್ರಫಲ ಸುಮಾರು ೪೯೦ ಚದರ ಸೆಂಟಿಮೀಟರ್. ಒಳಗೆ ಪ್ರತಿ ಚದರ ಸೆಂಟಿಮೀಟರಿಗೆ ೫ ಕಿಲೋ ಒತ್ತಡದ ಗಾಳಿಯಿದ್ದರೆ ಒಂದು ಬಲೂನು ೨,೪೫೦ ಕಿಲೋ ಹೊರುತ್ತದೆ. ಹಿಂದಿನ ನಾಲ್ಕೂ ಸೇರಿದರೆ ಹತ್ತು ಟನ್ನಿನ ಹತ್ತಿರ. ಹೊರುವುದು ರಬ್ಬರು ಅಲ್ಲ, ಗಾಳಿ. ರಬ್ಬರು ಗಾಳಿಯನ್ನು ಹಿಡಿದಿಡುತ್ತದೆ, ಅಷ್ಟೆ.

ಈ ಉಪಾಯ ಸೈಕಲ್ಲಿನ ಗಾಳಿಚಕ್ರಕ್ಕೆ ಬಂಧು. ರಾಬರ್ಟ್ ಥಾಮ್ಸನ್ ೧೮೪೫ರಲ್ಲಿ ಗಾಳಿ ತುಂಬಿದ ಟಯರಿಗೆ ಹಕ್ಕುಪತ್ರ ಪಡೆದರೂ ಅದು ಮೂಲೆಗೆ ಬಿತ್ತು. ೧೮೮೮ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ಅದನ್ನು ಮತ್ತೆ ತಾನೇ ಕಂಡುಹಿಡಿದು ಲೋಕಕ್ಕೆ ಒಪ್ಪಿಸಿದರು. ಗಾಳಿ ಚಕ್ರದಿಂದ ಮೇಲೇರಿ ಅಚ್ಚಿನ ಮೇಲೆ ಕುಳಿತುಕೊಳ್ಳಲು ಮತ್ತೆ ಅರವತ್ತು ವರ್ಷಗಳಾದವು. ಅಮೆರಿಕದ ಜನರಲ್ ಮೋಟರ್ಸ್ ಬಸ್ಸುಗಳಲ್ಲಿ ಅದು ೧೯೫೩ರಿಂದ ಬಳಕೆಗೆ ಬಂತು. ನಮ್ಮ ಕಡೆಯ ಜನ ಅದರ ಸುಖವನ್ನು ಅರಿತದ್ದು ವೋಲ್ವೋ ಕಂಪನಿ ೨೦೦೧ರಲ್ಲಿ ಭಾರತಕ್ಕೆ ತಂದ ಬಸ್ಸುಗಳಿಂದ, ಕರ್ನಾಟಕದ ‘ಐರಾವತ’ದಿಂದ. ಗಾಜಿನ ನಳಿಕೆ, ಸೂಕ್ಷ್ಮದರ್ಶಕಗಳನ್ನು ಹೊತ್ತು ಮಕ್ತಲ್‌ ಕಡೆಯ ಹಳ್ಳಿದಾರಿಯಲ್ಲಿ ಹೋಗುವ ಬಸ್ಸಿಗೆ ಈ ಮೆತ್ತನೆಯ ನಡಿಗೆ ಬೇಕಿತ್ತು. ಎರಡು ವರ್ಷದಲ್ಲಿ ನಮ್ಮದು ಒಂದೇ ಒಂದು ಬೀಕರು ಒಡೆದಿದೆ. ಅದೂ ನನ್ನ ಕೈಯಿಂದ ಜಾರಿ.

ಮೊದಲ ವರ್ಷ ಬಸ್ಸು ಚೆನ್ನಾಗಿಯೇ ಓಡಿತು. ಎರಡನೆಯ ವರ್ಷ ಒಂದು ಸೋಮವಾರ ಬೆಳಗ್ಗೆ ಕ್ಲೀನರ್ ಹುಡುಗ ಓಡಿಬಂದ. “ಸರ್ರೀ, ಗಾಡಿ ಎಡಕ್ಕ ಒರಗೇತ್ರಿ!” ಎಂದ. ಹೋಗಿ ನೋಡಿದರೆ ಬಸ್ಸಿನ ಹಿಂಭಾಗದ ಎಡಮೂಲೆ ಕುಸಿದು, ಬಸ್ಸು ಬೇಸರದಿಂದ ಗೋಡೆಗೆ ಒರಗಿದ ಮನುಷ್ಯನಂತೆ ನಿಂತಿತ್ತು. ಇಂಜಿನ್ ಚಾಲೂ ಮಾಡಿದ ಹತ್ತು ನಿಮಿಷದಲ್ಲಿ ತಾನೇ ಎದ್ದು ನೆಟ್ಟಗಾಯಿತು. ಶನಿವಾರ ಸಂಜೆ ನಿಲ್ಲಿಸಿದ ಬಸ್ಸು ಭಾನುವಾರ ಮಧ್ಯಾಹ್ನದವರೆಗೆ ನೆಟ್ಟಗೇ ಇದ್ದುದನ್ನು ಕಂಡವರಿದ್ದರು. ಆದುದರಿಂದ ರಾತ್ರಿ ಯಾರೋ ಕಿಡಿಗೇಡಿಗಳು ಗಾಳಿ ಬಿಟ್ಟಿದ್ದಾರೆಂದು ಎಲ್ಲರೂ ತೀರ್ಮಾನಿಸಿದರು. ಇಬ್ಬರು ಹುಡುಗರನ್ನು ನಾನು ಕರೆದು ಗದರಿಸಿದೆನೆಂಬುದನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ಮುಂದಿನ ವಾರಗಳಲ್ಲಿ ಬಸ್ಸು ದಿನವೂ ಬೆಳಗ್ಗೆ ಒರಗತೊಡಗಿತು.

ಅಕ್ಕಪಕ್ಕದ ಊರುಗಳಲ್ಲಿ ಕಮಾನ್ ಪಟ್ಟಾ ಬಲ್ಲ ಮಿಸ್ತ್ರಿಗಳು ಬೇಕಾದಷ್ಟು ಜನ, ಬಲೂನು ಬಲ್ಲವರಿಲ್ಲ. ದೂರದ ಶಹರದಿಂದ ಒಬ್ಬರನ್ನು ಕರೆಸಿದೆವು. ಅವರು ಬಸ್ಸನ್ನು ಒಂದು ಸುತ್ತು ಸುತ್ತಿ, ಆರೂ ಬಲೂನುಗಳನ್ನು ಬದಲಿಸಬೇಕೆಂದರು. ಅವರು ಬರೆದುಕೊಟ್ಟ ಮೊತ್ತ ಬಸ್ಸಿನ ಒಂದು ವರ್ಷದ ಡೀಸೆಲ್ಲಿನ ಖರ್ಚಿಗಿಂತ ಹೆಚ್ಚಾಗಿತ್ತು. ಆಡಳಿತ ಮಂಡಳಿಯ ಸಭೆಯಲ್ಲಿ ಬಸ್ಸನ್ನು ಗುಜರಿಗೆ ಕೊಡುವ ಮಾತು ಬಂತು. ಅದು ತಪ್ಪು ಮಾತೆಂದು ನಾನು ಹೇಳಲಾರೆ. ಶಾಲೆಯ ಹಣ ಶಾಲೆಯ ಮಕ್ಕಳದು. ಆದರೆ ಕೃಷ್ಣಾ ಮಂಡಲದ ಕನ್ನಡ ಶಾಲೆಗಳಲ್ಲಿ ಗುರುವಾರ ಬಂತೆಂದರೆ ಮಕ್ಕಳು ರಸ್ತೆಗೆ ಬಂದು ನಿಲ್ಲುವುದನ್ನು ನಾನು ನೋಡಿದ್ದೆ. ಒಂದು ತಿಂಗಳ ಅವಧಿ ಕೇಳಿಕೊಂಡೆ.

ಅವಧಿ ಸಿಕ್ಕಿದ ಉತ್ಸಾಹದಲ್ಲಿ ನಾನು ಮಾಡಿದ ಮೊದಲ ಕೆಲಸವೇ ಘೋರವಾದ ತಪ್ಪು.

ಬಸ್ಸಿನ ಮೈಗೂ ಅಚ್ಚಿಗೂ ನಡುವೆ ಲೆವೆಲಿಂಗ್ ವಾಲ್ವ್ ಎಂಬ ಸಣ್ಣ ಪೆಟ್ಟಿಗೆಯಿರುತ್ತದೆ. ಅದಕ್ಕೊಂದು ತೋಳು, ತೋಳಿನ ತುದಿಯಿಂದ ಅಚ್ಚಿಗೆ ಒಂದು ಕಡ್ಡಿ. ಜನ ಹತ್ತಿ ಮೈ ಕೆಳಗಿಳಿದರೆ ತೋಳು ಮೇಲಕ್ಕೆ ತಿರುಗಿ, ಟ್ಯಾಂಕಿನ ಗಾಳಿ ಬಲೂನಿಗೆ ಹೋಗುತ್ತದೆ. ಜನ ಇಳಿದು ಮೈ ಮೇಲೆದ್ದರೆ ತೋಳು ಕೆಳಕ್ಕೆ ತಿರುಗಿ, ಬಲೂನಿನ ಗಾಳಿ ಹೊರಕ್ಕೆ ಹೋಗುತ್ತದೆ. ಹೀಗೆ ಬಸ್ಸು ತುಂಬಿದರೂ ಬರಿದಾದರೂ ಒಂದೇ ಎತ್ತರದಲ್ಲಿ ನಿಲ್ಲುತ್ತದೆ. ದೊಡ್ಡ ನಗರಗಳ ತಗ್ಗು ನೆಲದ ಬಸ್ಸುಗಳು ನಿಲ್ದಾಣದಲ್ಲಿ ಒಂದು ಬದಿಗೆ ಬಾಗಿ ಮುದುಕರನ್ನು ಹತ್ತಿಸಿಕೊಳ್ಳುವುದೂ ಹೀಗೆ ಗಾಳಿಯನ್ನು ಬೇಕೆಂದೇ ಬಿಟ್ಟು. ನಮ್ಮ ಬಸ್ಸಿನಲ್ಲಿ ಇಂತಹ ವಾಲ್ವುಗಳು ಮೂರು: ಮುಂದಿನ ಎರಡು ಬಲೂನುಗಳಿಗೂ ಸೇರಿ ಒಂದು, ಹಿಂದೆ ಎಡಕ್ಕೊಂದು, ಬಲಕ್ಕೊಂದು.

ಪುಸ್ತಕವೊಂದರಲ್ಲಿ ಇಷ್ಟನ್ನು ಓದಿಕೊಂಡ ನಾನು, ಎಡಗಡೆಯ ವಾಲ್ವನ್ನು ಪರೀಕ್ಷಿಸಬೇಕೆಂದು ಕ್ಲೀನರ್ ಹುಡುಗನನ್ನು ಬಸ್ಸಿನ ಕೆಳಗೆ ಕಳಿಸಿದೆ. ಇಂಜಿನ್ ನಿಂತಿತ್ತು, ಬಸ್ಸು ಅಲುಗದೆ ನಿಂತಿತ್ತು, ನಿಂತ ಬಸ್ಸು ಏನು ಮಾಡೀತು ಎಂದು ನನ್ನ ಭಾವನೆ. ಹುಡುಗ ಟಾರ್ಚನ್ನು ಪಕ್ಕದಲ್ಲಿಟ್ಟುಕೊಂಡು ಕಡ್ಡಿಯ ನಟ್ಟನ್ನು ಬಿಚ್ಚಿದ. ಇನ್ನೊಂದಕ್ಕೆ ಬೇರೆ ಅಳತೆಯ ಪಾನಾ ಬೇಕಾಗಿ, ಕೇಳಲು ಹೊರಗೆ ಹೊರಳಿ ಬಂದ. ಕಡ್ಡಿ ಕಳಚಿದ ತೋಳು ಆ ಹೊತ್ತಿಗೆ ತನ್ನ ಭಾರಕ್ಕೆ ಕೆಳಕ್ಕೆ ಬಿತ್ತು. ಉಸ್ಸೆಂಬ ದೊಡ್ಡ ಸದ್ದಾಯಿತು. ನಾಲ್ಕೈದು ಸೆಕೆಂಡುಗಳಲ್ಲಿ ಬಸ್ಸಿನ ಎಡಮೂಲೆ ಹತ್ತು ಸೆಂಟಿಮೀಟರಿನಷ್ಟು ಇಳಿದು ಕುಳಿತಿತು. ಟಾರ್ಚು ಚಪ್ಪಟೆಯಾಯಿತು. ಉಕ್ಕಿನ ಟಾರ್ಚು ಅದು. ಅವನ ತಲೆ ಅರ್ಧ ನಿಮಿಷದ ಹಿಂದೆ ಇದ್ದ ಜಾಗ ಅದೇ.

ಅವನ ತಂದೆ ನನ್ನ ವಿದ್ಯಾರ್ಥಿ. ಸಂಜೆ ಮನೆಗೆ ಹೋಗಿ ನಡೆದದ್ದನ್ನು ನಾನೇ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, “ಗುರುಗಳ, ನಿಮ್ಮ ಮಾತು ಕೇಳಿ ಹೋಗ್ಯಾನ ಅಂದ್ರ ತಪ್ಪು ಅವಂದಲ್ರಿ” ಎಂದರು. ಅದಕ್ಕಿಂತ ಕಠಿಣವಾದ ಮಾತನ್ನು ನನಗೆ ಯಾರೂ ಹೇಳಿಲ್ಲ. ಆ ಟಾರ್ಚು ಈಗ ವಿಜ್ಞಾನ ಕೊಠಡಿಯ ಗಾಜಿನ ಕಪಾಟಿನಲ್ಲಿದೆ. ಮಹೋತ್ಸವಕ್ಕೆ ಬಂದವರು ನೋಡಬಹುದು.

ಆದುದರಿಂದ ಈ ಲೇಖನದಲ್ಲಿ ಬೇರೆ ಏನನ್ನು ಮರೆತರೂ ಇದನ್ನು ಮರೆಯಬಾರದೆಂದು ಕೇಳಿಕೊಳ್ಳುತ್ತೇನೆ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಬಸ್ಸು, ಲಾರಿ ಇಟ್ಟವರು ಹಲವರಿದ್ದಾರೆ. ಗಾಳಿಯ ಮೇಲೆ ನಿಂತ ವಾಹನದ ಕೆಳಗೆ ಯಾರೂ ಹೋಗಕೂಡದು. ಇಂಜಿನ್ ನಿಂತಿದ್ದರೂ ಸರಿ, ಬಲೂನು ಹೊಸದಾಗಿದ್ದರೂ ಸರಿ. ಮೊದಲು ಸಮನೆಲದಲ್ಲಿ ನಿಲ್ಲಿಸಿ, ಚಕ್ರಗಳ ಹಿಂದೆಮುಂದೆ ಕಲ್ಲು ಕೊಟ್ಟು, ಮೈಯ ಕೆಳಗಿನ ಗಟ್ಟಿ ತೊಲೆಗೆ ಕಬ್ಬಿಣದ ಕುದುರೆಗಳನ್ನು ಆನಿಸಬೇಕು. ಜಾಕ್ ಎತ್ತುವುದಕ್ಕೆ ಮಾತ್ರ; ಹೊತ್ತು ನಿಲ್ಲುವುದಕ್ಕಲ್ಲ. ಗ್ಯಾರೇಜಿನ ಗುಂಡಿಯೊಳಗೆ ನಿಂತರೆ ಭಯವಿಲ್ಲವೆಂದು ಕೆಲವರು ತಿಳಿಯುತ್ತಾರೆ. ಮೈ ಇಳಿಯುವಾಗ ಗುಂಡಿಯ ಅಂಚಿಗೂ ತೊಲೆಗೂ ನಡುವೆ ಕೈ ಸಿಕ್ಕರೂ ಸಾಕು. ಗಾಳಿ ತುಂಬಿದ ಬಲೂನಿನ ಕೊಳವೆಯನ್ನು ಬಿಚ್ಚುವುದೂ ಅಷ್ಟೇ ಅಪಾಯ. ಒಂದೇ ಜಾಗದಲ್ಲಿ ಖಾಯಮ್ಮಾಗಿ ನಿಲ್ಲಿಸಿ ಅಂಗಡಿ, ವಾಚನಾಲಯ ಮಾಡಿಕೊಂಡ ಇಂತಹ ಬಸ್ಸುಗಳಂತೂ ಮೊದಲ ದಿನದಿಂದಲೇ ಕುದುರೆಗಳ ಮೇಲೆ ನಿಲ್ಲಬೇಕು. ಓಡದ ಬಸ್ಸಿಗೆ ಗಾಳಿ ತುಂಬುವವರು ಯಾರು?

ಆ ದಿನದಿಂದ ಒಂದು ವಾರ ನಾನು ಪಾನಾ ಮುಟ್ಟಲಿಲ್ಲ, ಯಾರಿಗೂ ಮುಟ್ಟಗೊಡಲಿಲ್ಲ. ಸೀಮೆಸುಣ್ಣ, ಅಳತೆಪಟ್ಟಿ, ಗಡಿಯಾರ, ಒಂದು ನೋಟುಪುಸ್ತಕ, ಇಷ್ಟೇ ಸಲಕರಣೆ. ನಾಲ್ಕು ಚಕ್ರಗಳ ನಡುಮಧ್ಯದಿಂದ ನೇರ ಮೇಲಕ್ಕೆ, ಬಸ್ಸಿನ ಮೈಯಂಚಿಗೆ ಸೀಮೆಸುಣ್ಣದ ಗುರುತು ಹಾಕಿದೆವು. ನೆಲದಿಂದ ಗುರುತಿನವರೆಗಿನ ಎತ್ತರವನ್ನು ಸಂಜೆ ಆರಕ್ಕೆ, ರಾತ್ರಿ ಒಂಬತ್ತಕ್ಕೆ, ಬೆಳಗಿನ ಐದಕ್ಕೆ ಅಳೆದು ಬರೆದೆವು. ಏಳನೆಯ ತರಗತಿಯ ಮಕ್ಕಳು ಸರದಿಯಂತೆ ಸಂಜೆಯ ಅಳತೆ ತೆಗೆದುಕೊಂಡರು; ರಾತ್ರಿಯದು, ಬೆಳಗಿನದು ನನ್ನ ಪಾಲು. ವಯಸ್ಸಾದವರಿಗೆ ನಿದ್ರೆ ಕಡಿಮೆಯೆಂಬುದು ಇಲ್ಲಿ ಉಪಯೋಗಕ್ಕೆ ಬಂತು.

ಮೊದಲು ಬಗೆಹರಿಯಬೇಕಾದದ್ದು ಆ ಭಾನುವಾರದ ಒಗಟು. ಗಾಳಿ ಸೋರುತ್ತಿದ್ದರೆ ಬಸ್ಸು ಒಂದು ಹಗಲು ನೆಟ್ಟಗಿದ್ದುದು ಹೇಗೆ? ಉತ್ತರ ಲೆವೆಲಿಂಗ್ ವಾಲ್ವಿನಲ್ಲಿಯೇ ಇದೆ. ಬಲೂನಿನಿಂದ ಸ್ವಲ್ಪ ಸೋರಿ ಮೈ ಕೂದಲೆಳೆಯಷ್ಟು ಇಳಿದೊಡನೆ ತೋಳು ತಿರುಗುತ್ತದೆ, ಟ್ಯಾಂಕಿನಿಂದ ಅಷ್ಟೇ ಗಾಳಿ ಬರುತ್ತದೆ. ಟ್ಯಾಂಕಿನಲ್ಲಿ ಬಂಡವಾಳವಿರುವ ತನಕ ಸೋರಿಕೆ ಹೊರಗೆ ಕಾಣುವುದಿಲ್ಲ. ಟ್ಯಾಂಕು ಬರಿದಾದ ಮೇಲೆಯೇ ಬಸ್ಸು ಇಳಿಯತೊಡಗುತ್ತದೆ. ಸಾಲ ಮಾಡಿ ಸಂಸಾರ ನಡೆಸುವ ಮನೆಯ ಹಾಗೆ. ಅಂಗಡಿಯವನು ಉದ್ದರಿ ನಿಲ್ಲಿಸಿದ ದಿನ ಊರಿಗೆಲ್ಲ ಗೊತ್ತಾಗುತ್ತದೆ. ಆ ಇಬ್ಬರು ಹುಡುಗರನ್ನು ಕರೆದು ಇದನ್ನು ವಿವರಿಸಿ, ನನ್ನ ತಪ್ಪೆಂದು ಹೇಳಿದೆ. ಒಬ್ಬ ನಕ್ಕ, ಇನ್ನೊಬ್ಬ ಇನ್ನೂ ಸ್ವಲ್ಪ ಮುನಿಸಿಕೊಂಡೇ ಇದ್ದಾನೆ.

ಟ್ಯಾಂಕಿನ ಈ ಮರೆಯನ್ನು ತೆಗೆಯುವ ಉಪಾಯವೂ ಇದೆ. ಬಸ್ಸನ್ನು ಪೂರ್ತಿ ಎತ್ತರಕ್ಕೆ ಏರಿಸಿ, ಇಂಜಿನ್ ನಿಲ್ಲಿಸಿ, ಬಲೂನುಗಳಿಗೆ ಗಾಳಿ ಕೊಡುವ ಟ್ಯಾಂಕನ್ನು ಅದರ ಬಿರಡೆ ತಿರುಗಿಸಿ ಬರಿದು ಮಾಡಬೇಕು. ಲೆವೆಲಿಂಗ್ ವಾಲ್ವಿನ ಬಾಯಲ್ಲಿ ಗಾಳಿಯನ್ನು ಒಳಗೆ ಮಾತ್ರ ಬಿಡುವ ಒಂದು ಕದವಿರುವುದರಿಂದ, ಟ್ಯಾಂಕು ಬರಿದಾದರೂ ಬಲೂನಿನ ಗಾಳಿ ಹಿಂದಕ್ಕೆ ಬರುವುದಿಲ್ಲ. ಈಗ ಯಾವ ಮೂಲೆ ಇಳಿಯುತ್ತದೆಯೋ, ದೋಷ ಆ ಮೂಲೆಯ ವಾಲ್ವಿನಿಂದ ಬಲೂನಿನವರೆಗಿನ ಹಾದಿಯಲ್ಲಿದೆ. ಯಾವ ಮೂಲೆಯೂ ಇಳಿಯದಿದ್ದರೆ ದೋಷ ಟ್ಯಾಂಕಿನ ಕಡೆಯದು. ನಾವು ಹೀಗೆ ಮಾಡಿದ ರಾತ್ರಿ ಹಿಂದಿನ ಎಡಮೂಲೆ ಒಂದು ಗಂಟೆಗೆ ಎರಡು ಸೆಂಟಿಮೀಟರಿನಂತೆ ಇಳಿಯಿತು. ಬೆಳಗಿನ ಹೊತ್ತಿಗೆ ತಳ ಕಂಡಿತ್ತು. ಹಿಂದಿನ ಬಲಮೂಲೆ ಅಲುಗಲಿಲ್ಲ. ಮುಂಭಾಗ ಎರಡೂ ಬದಿಗೆ ಸಮನಾಗಿ ಅರ್ಧ ಸೆಂಟಿಮೀಟರ್ ಇಳಿದಿತ್ತು. ಅದರ ವಿಷಯ ಮುಂದೆ ಬರುತ್ತದೆ. ಆರು ಬಲೂನುಗಳಲ್ಲಿ ನಾಲ್ಕರ ಮೇಲಿನ ಸಂಶಯ ಒಂದೇ ರಾತ್ರಿಯಲ್ಲಿ, ಒಂದು ಪೈಸೆ ಖರ್ಚಿಲ್ಲದೆ, ಬಹುಮಟ್ಟಿಗೆ ಕಳೆಯಿತು.

ಎಷ್ಟು ಸಣ್ಣ ಸೋರಿಕೆ ಇಷ್ಟು ದೊಡ್ಡ ಬಸ್ಸನ್ನು ಒರಗಿಸಬಲ್ಲದು? ಇಲ್ಲಿ ಬಾಯ್ಲನ ನಿಯಮ ನೆರವಿಗೆ ಬರುತ್ತದೆ. ರಾಬರ್ಟ್ ಬಾಯ್ಲ್ ೧೬೬೨ರಲ್ಲಿ ಪ್ರಕಟಿಸಿದ ಆ ನಿಯಮವನ್ನು ಈ ಸಂಚಿಕೆಯ ಓದುಗರಲ್ಲಿ ಅನೇಕರು ನನ್ನ ಎದುರಿನ ಬೆಂಚಿನ ಮೇಲೆ ನಿಂತು ಒಪ್ಪಿಸಿದ್ದಾರೆ. ಬಲೂನಿನೊಳಗಿನ ಗಾಳಿ ಹೊರಗಿನ ಗಾಳಿಗಿಂತ ಐದು ಪಟ್ಟು ಒತ್ತಿಕೊಂಡಿದೆ ಎನ್ನೋಣ. ಸೋರುವಾಗ ಮೊದಲು ಒತ್ತಡ ಕುಗ್ಗುತ್ತದೆಂದು ನಾವು ತಿಳಿಯುತ್ತೇವೆ; ಅದು ಸರಿಯಲ್ಲ. ಮೇಲಿನ ಭಾರ ಹಾಗೆಯೇ ಇರುವುದರಿಂದ ಒತ್ತಡ ಹೆಚ್ಚುಕಡಿಮೆ ಹಾಗೆಯೇ ಉಳಿದು, ಗಾತ್ರ ಕುಗ್ಗುತ್ತದೆ. ಬಸ್ಸು ಇಳಿಯುವುದೆಂದರೆ ಇದೇ. ಒಂದು ಬಲೂನು ಹದಿನೈದು ಲೀಟರಿನಿಂದ ಒಂಬತ್ತಕ್ಕೆ ಕುಗ್ಗಿದರೆ ಆರು ಲೀಟರು ಒತ್ತಿದ ಗಾಳಿ, ಅಂದರೆ ಹೊರಗಿನ ಲೆಕ್ಕದಲ್ಲಿ ಮೂವತ್ತು ಲೀಟರು, ಹೋಯಿತೆಂದು ಅರ್ಥ. ಒಂದು ಬದಿಯ ಎರಡೂ ಬಲೂನು ಸೇರಿ ಅರವತ್ತು ಲೀಟರು. ಹತ್ತು ನಿಮಿಷಕ್ಕೆ ಒಂದು ಲೀಟರು, ಅಂದರೆ ನೀರಿನ ಬಾಟಲಿಯೊಂದು ತುಂಬುವಷ್ಟು ಸೋರಿದರೂ ಹತ್ತು ಗಂಟೆಯಲ್ಲಿ ಅರವತ್ತು ಲೀಟರು ಹೋಗುತ್ತದೆ. ಅಷ್ಟು ಮೆಲ್ಲನೆಯ ಸೋರಿಕೆಯ ಸದ್ದು ಇಂಜಿನ್ ಓಡುವಾಗ ಯಾವ ಮಿಸ್ತ್ರಿಗೂ ಕೇಳುವುದಿಲ್ಲ.

ನನ್ನಂಥವನಿಗಂತೂ ಇಂಜಿನ್ ನಿಂತರೂ ಕೇಳುವುದಿಲ್ಲ. ವಯಸ್ಸಾದಂತೆ ಮೊದಲು ಕಿವಿಗೆ ತಪ್ಪಿಹೋಗುವುದು ಇಂತಹ ಸಣ್ಣ ಕೀಚಲು ಸದ್ದುಗಳೇ. ಎಂಟನೆಯ ದಿನ ಸಂಜೆ, ಶಾಲೆ ಬಿಟ್ಟು ಆವರಣ ಶಾಂತವಾದ ಮೇಲೆ, ಇಂಜಿನ್ ನಿಲ್ಲಿಸಿ ಬಸ್ಸಿನ ಎಡಬದಿಯಲ್ಲಿ ನಾನೂ ಅಳತೆಗೆ ಬಂದಿದ್ದ ಒಬ್ಬ ಹುಡುಗಿಯೂ ನಿಂತಿದ್ದೆವು. “ಸರ್, ಇಲ್ಲಿ ಹಾವು ಬುಸುಗುಟ್ಟಿದಂಗ ಕೇಳ್ತದರಿ” ಎಂದು ಅವಳು ತೋರಿಸಿದ್ದು ಬಲೂನಿನ ಹತ್ತಿರವಲ್ಲ. ಅದಕ್ಕಿಂತ ಒಂದು ಮಾರು ಮುಂದೆ, ಸಾಮಾನು ಇಡುವ ಡಿಕ್ಕಿಯ ಬಾಗಿಲನ್ನು. ನಿಜಕ್ಕೂ ಹಾವೇ ಇದ್ದೀತೆಂದು ಕೋಲು ತಂದು ಬಾಗಿಲು ತೆರೆದೆವು.

ಹಾವಿರಲಿಲ್ಲ. ಡಿಕ್ಕಿಯ ಒಳಛಾವಣಿಯಲ್ಲಿ ಕಪ್ಪು ನೈಲಾನ್ ಕೊಳವೆಯೊಂದು ಹಾದುಹೋಗಿತ್ತು. ಎಡಗಡೆಯ ವಾಲ್ವಿನಿಂದ ಮುಂದಿನ ಬಲೂನಿಗೆ ಸುತ್ತಿಬರುವ ಕೊಳವೆ. ಅದರ ಪಕ್ಕದಲ್ಲಿಯೇ ಮೇಲಿನಿಂದ ಒಂದು ಬೋಲ್ಟಿನ ತುದಿ ಎರಡು ಬೆರಳಿನಷ್ಟು ಇಳಿದಿತ್ತು. ಪುಸ್ತಕದ ಕಪಾಟನ್ನು ಬಸ್ಸಿನ ನೆಲಕ್ಕೆ ಬಿಗಿದ ಬೋಲ್ಟು. ಬಸ್ಸು ಕುಲುಕಿದಾಗಲೆಲ್ಲ ಅದರ ಹಲ್ಲು ಕೊಳವೆಯನ್ನು ಗರಗಸದಂತೆ ಉಜ್ಜಿ, ಉಗುರು ಹೋಗುವಷ್ಟು ಗೆರೆ ಕೊರೆದಿತ್ತು. ಸಾಬೂನಿನ ನೀರನ್ನು ಕುಂಚದಿಂದ ಸವರಿದೊಡನೆ ಗುಳ್ಳೆಗಳ ಗೊಂಚಲು ಎದ್ದಿತು. ಸೈಕಲ್ ಅಂಗಡಿಯಲ್ಲಿ ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಅದ್ದಿ ನೋಡುತ್ತೇವಲ್ಲ, ಅದೇ ವಿದ್ಯೆ. ಬಸ್ಸನ್ನು ಅದ್ದಲಾಗದು, ಆದ್ದರಿಂದ ನೀರನ್ನೇ ಬಸ್ಸಿಗೆ ಕೊಂಡೊಯ್ಯಬೇಕು.

ಮಾರ್ಪಡಿಸಿದ ಬಸ್ಸುಗಳ ರೋಗ ಬಹುಮಟ್ಟಿಗೆ ಇಂಥದ್ದೇ ಎಂದು ನನಗೆ ಆಗ ತೋರಿತು. ಬಲೂನು ತನ್ನಷ್ಟಕ್ಕೆ ಮುಪ್ಪಾಗುವುದುಂಟು. ನಮ್ಮ ಸೀಮೆಯ ಬಿಸಿಲಿಗೆ ರಬ್ಬರಿನ ಮಡಿಕೆಗಳಲ್ಲಿ ಬಿರುಕು ಮೂಡುತ್ತದೆ. ಮೈಮೇಲಿನ ಕೂದಲೆಳೆಯ ಬಿರುಕಲ್ಲ, ಒಳಗಿನ ನೂಲು ಕಾಣುವ ಬಿರುಕಾದರೆ ಬದಲಿಸಲೇಬೇಕು. ಆದರೆ ಕಾರ್ಖಾನೆಯವರು ಅಳೆದು ಹಾಕಿದ ಕೊಳವೆಗಳ ನಡುವೆ ನಾವು ಹೋಗಿ ರಂಧ್ರ ಕೊರೆಯುತ್ತೇವೆ, ಬೆಸುಗೆ ಹಾಕುತ್ತೇವೆ. ಬೆಸುಗೆಯ ಕಿಡಿ ನೈಲಾನಿಗೆ ಬಿದ್ದರೆ ಸೂಜಿಮೊನೆಯಷ್ಟು ತೂತು. ನಿಂತೇ ಇರುವ ಬಸ್ಸಾದರೆ ಇಲಿಗಳೂ ತಮ್ಮ ಪಾಲಿನ ಕೆಲಸ ಮಾಡುತ್ತವೆ. ನೆಲ ಕೊರೆಯುವ ಮುನ್ನ ಕೆಳಗೊಬ್ಬ, ಮೇಲೊಬ್ಬ ನಿಂತು ನೋಡಿದ್ದರೆ ನಮಗೆ ಇದಾವುದೂ ಬರುತ್ತಿರಲಿಲ್ಲ. ಕಪಾಟು ಕೂರಿಸಿದ ದಿನ ನಾನು ಅಲ್ಲಿಯೇ ಕುರ್ಚಿ ಹಾಕಿಕೊಂಡು ಕುಳಿತಿದ್ದೆ. ಪುಸ್ತಕಗಳ ಪಟ್ಟಿ ಬರೆಯುತ್ತಿದ್ದೆ.

ಕ್ಲೀನರ್ ಹುಡುಗ ಮೊದಲು ಸೈಕಲ್ ಟ್ಯೂಬಿನ ಪಟ್ಟಿಯನ್ನು ಬಿಗಿಯಾಗಿ ಸುತ್ತಿ ನೋಡಿದ. ಐದು ಕಿಲೋ ಒತ್ತಡದ ಮುಂದೆ ಅದು ಒಂದು ರಾತ್ರಿಯೂ ನಿಲ್ಲಲಿಲ್ಲ. ಸರಿಯಾದ ಕ್ರಮವೆಂದರೆ, ಬಸ್ಸನ್ನು ಕುದುರೆಗಳ ಮೇಲೆ ಕೂರಿಸಿ, ಗಾಳಿಯನ್ನೆಲ್ಲ ಬಿಟ್ಟು, ಕೆಟ್ಟ ತುಂಡನ್ನು ಹರಿತವಾದ ಅಲಗಿನಿಂದ ನೇರವಾಗಿ ಕತ್ತರಿಸಿ ತೆಗೆದು, ಅದೇ ಅಳತೆಯ ಹೊಸ ಕೊಳವೆಯನ್ನು ಎರಡು ಜೋಡಣೆಗಳಿಂದ ಸೇರಿಸುವುದು. ಗರಗಸದಿಂದ ಓರೆಯಾಗಿ ಕೊಯ್ದರೆ ಜೋಡಣೆಯಲ್ಲಿಯೇ ಸೋರುತ್ತದೆ. ಕೊಳವೆ, ಜೋಡಣೆ ಎಲ್ಲವೂ ಮಹಬೂಬನಗರದಲ್ಲಿ ಸಿಕ್ಕವು. ಖರ್ಚು ಸಾವಿರ ರೂಪಾಯಿಯನ್ನು ಮುಟ್ಟಲಿಲ್ಲ. ಬೋಲ್ಟಿನ ತುದಿ ಕತ್ತರಿಸಿ ಟೋಪಿ ತೊಡಿಸಿದೆವು. ಶಹರದ ಮಿಸ್ತ್ರಿಯನ್ನು ನಾನು ದೂರುವುದಿಲ್ಲ. ಅವರು ಬಲೂನು ನೋಡಲು ಬಂದವರು, ಬಲೂನನ್ನೇ ನೋಡಿದರು.

ಮುಂಭಾಗದ ಅರ್ಧ ಸೆಂಟಿಮೀಟರಿನ ವಿಷಯ ಬಾಕಿಯಿತ್ತು. ಮುಂದಿನ ಎರಡು ಬಲೂನುಗಳಿಗೂ ಒಂದೇ ವಾಲ್ವು ಇರುವುದರಿಂದ ಒಂದು ಸೋರಿದರೂ ಎರಡೂ ಇಳಿಯುತ್ತವೆ. ಎತ್ತರ ನೋಡಿ ಯಾವುದೆಂದು ಹೇಳಲಾಗದು. ಬಲೂನು, ಕೊಳವೆಗಳ ಮೇಲೆ ಸಾಬೂನಿನ ನೀರು ಸುಮ್ಮನಿತ್ತು. ವಾಲ್ವಿನಿಂದ ಗಾಳಿ ಹೊರಹೋಗುವ ಬಾಯಿಗೆ ಸವರಿದಾಗ ಮಾತ್ರ ಒಂದೇ ಗುಳ್ಳೆ ನಿಧಾನವಾಗಿ ಉಬ್ಬಿ ಒಡೆಯುತ್ತಿತ್ತು. ಒಳಗಿನ ರಬ್ಬರು ಸವೆದು ಬಾಯಿ ಪೂರ್ತಿ ಮುಚ್ಚುತ್ತಿರಲಿಲ್ಲ. ವಾಲ್ವನ್ನು ಬದಲಿಸಿದೆವು. ಅದರೊಳಗೆ ನೀರೂ ಎಣ್ಣೆಯೂ ಕಲೆತ ಕೆಸರಿತ್ತು. ಕಂಪ್ರೆಸರ್ ಹೀರುವ ಗಾಳಿಯಲ್ಲಿ ತೇವವಿರುತ್ತದೆ. ಅದನ್ನು ಹಿಡಿಯಲು ಒಣಗಿಸುವ ಡಬ್ಬಿಯೊಂದಿದೆ. ಸೋರುವ ಬಸ್ಸಿನಲ್ಲಿ ಕಂಪ್ರೆಸರಿಗೆ ಬಿಡುವಿಲ್ಲ. ಅದು ಕಾದು ಎಣ್ಣೆ ಉಗುಳುತ್ತದೆ, ಡಬ್ಬಿ ತೋಯ್ದು ಸೋಲುತ್ತದೆ, ಕೆಸರು ವಾಲ್ವುಗಳಿಗೆ ಹೋಗಿ ಹೊಸ ಸೋರಿಕೆ ಹುಟ್ಟಿಸುತ್ತದೆ. (ಟ್ಯಾಂಕು ತುಂಬಿದಾಗ ಆ ಡಬ್ಬಿಯಿಂದ ಒಮ್ಮೆ ಫುಸ್ಸೆಂದು ಗಾಳಿ ಹೋಗುತ್ತದೆ. ಅದು ರೋಗವಲ್ಲ, ಅದರ ಉಸಿರು. ನಾನು ಎರಡು ದಿನ ಅದನ್ನೇ ಸೋರಿಕೆಯೆಂದು ಹುಡುಕಿದ್ದೆ.)

ಬ್ರೇಕಿಗೂ ಇದೇ ಕಂಪ್ರೆಸರಿನ ಗಾಳಿಯಲ್ಲವೇ ಎಂದು ಪಾಲಕರೊಬ್ಬರು ಆತಂಕದಿಂದ ಕೇಳಿದ್ದರು. ಹೌದು. ಆದರೆ ಹಂಚಿಕೆಯ ಬಾಯಲ್ಲಿರುವ ರಕ್ಷಣಾ ವಾಲ್ವು, ಬಲೂನಿನ ಕಡೆ ಎಷ್ಟೇ ಸೋರಿದರೂ ಬ್ರೇಕಿನ ಟ್ಯಾಂಕುಗಳಲ್ಲಿ ಒಂದು ಮಟ್ಟದ ಗಾಳಿಯನ್ನು ಉಳಿಸುತ್ತದೆ. ಬ್ರೇಕಿನ ಗಾಳಿಯೇ ತೀರಾ ಕುಗ್ಗಿದರೆ ಗಂಟ್ಲು ಹರಿಯುವಂತೆ ಬಜರ್ ಕೂಗುತ್ತದೆ. ಇನ್ನೂ ಕುಗ್ಗಿದರೆ ಉಕ್ಕಿನ ಸ್ಪ್ರಿಂಗುಗಳು ಹಿಂದಿನ ಚಕ್ರಗಳನ್ನು ತಾವಾಗಿ ಬಿಗಿದು ಹಿಡಿಯುತ್ತವೆ. ಅಮೆರಿಕದಲ್ಲಿ ಬಸ್ಸಿನ ಚಾಲಕರಿಗೆ ಕಲಿಸುವ ಪರೀಕ್ಷೆ ಸರಳವಾಗಿದೆ: ಇಂಜಿನ್ ನಿಲ್ಲಿಸಿ, ಬ್ರೇಕು ಬಿಟ್ಟು, ಗಡಿಯಾರ ನೋಡಿದರೆ ಒಂದು ನಿಮಿಷಕ್ಕೆ ಚದರ ಅಂಗುಲಕ್ಕೆ ೨ ಪೌಂಡಿಗಿಂತ ಹೆಚ್ಚು ಇಳಿಯಬಾರದು. ನಮ್ಮ ಚಾಲಕರು ಈಗ ಪ್ರತಿ ಗುರುವಾರ ಹೊರಡುವ ಮುನ್ನ ಇದನ್ನು ಮಾಡುತ್ತಾರೆ.

ಇನ್ನೊಂದು ತಿದ್ದುಪಡಿ ಪುಸ್ತಕಗಳದ್ದು. ಒಂದು ಮೀಟರ್ ಉದ್ದ ಜೋಡಿಸಿದ ಪುಸ್ತಕಗಳು ನಮ್ಮ ತಕ್ಕಡಿಯಲ್ಲಿ ೩೦ ಕಿಲೋ ತೂಗಿದವು. ಎಡಬದಿಯಲ್ಲಿ ನಾಲ್ಕು ಕಪಾಟು, ಒಂದೊಂದಕ್ಕೆ ಮೀಟರ್ ಉದ್ದದ ಐದು ಹಲಗೆ. ಒಟ್ಟು ೬೦೦ ಕಿಲೋ ಒಂದೇ ಪಕ್ಕದಲ್ಲಿ! ಬಲಬದಿಗೆ ಕಿಟಕಿ, ಮೇಜು. ಎಡಗಡೆಯ ಬಲೂನುಗಳು ಮೊದಲ ದಿನದಿಂದಲೂ ಹೆಚ್ಚಿನ ಒತ್ತಡದಲ್ಲಿ ದುಡಿಯುತ್ತಿದ್ದವು. ಒತ್ತಡ ಹೆಚ್ಚಿದಷ್ಟೂ ತೂತಿನಿಂದ ಹೋಗುವ ಗಾಳಿ ಹೆಚ್ಚು. ಎರಡು ಕಪಾಟುಗಳನ್ನು ಬಲಕ್ಕೆ ಸಾಗಿಸಿದೆವು. ಈ ಸಲ ಕೊರೆಯುವಾಗ ಡಿಕ್ಕಿಯೊಳಗೆ ಟಾರ್ಚು ಹಿಡಿದು ಒಬ್ಬರು ನಿಂತಿದ್ದರು.

ಅಳತೆಯ ಪುಸ್ತಕವನ್ನು ನಿಲ್ಲಿಸಿಲ್ಲ. ಕಳೆದ ಬೇಸಗೆಯಲ್ಲಿ ಒಂದು ಬೆಳಗ್ಗೆ ಟ್ಯಾಂಕಿನ ಮುಳ್ಳು ೮ರಿಂದ ೭.೬ಕ್ಕೆ ಇಳಿದಿದ್ದನ್ನು ಕಂಡು ಚಾಲಕರು ಗಾಬರಿಯಾದರು. ಸಂಜೆ ೪೨ ಡಿಗ್ರಿ, ಬೆಳಗ್ಗೆ ೨೭. ನಿರಪೇಕ್ಷ ಉಷ್ಣತೆಯಲ್ಲಿ ೩೧೫ರಿಂದ ೩೦೦ಕ್ಕೆ ಇಳಿದರೆ, ಮುಚ್ಚಿದ ಪಾತ್ರೆಯ ಗಾಳಿಯ ಒತ್ತಡ ತಾನೇ ಅಷ್ಟು ಇಳಿಯಬೇಕು. ಒಂದು ತೊಟ್ಟೂ ಸೋರಿಲ್ಲವೆಂದು ಹಲಗೆಯ ಮೇಲೆ ಲೆಕ್ಕ ಮಾಡಿ ತೋರಿಸಿದವಳು ಅದೇ ಹುಡುಗಿ. ಅವಳೀಗ ಒಂಬತ್ತನೆಯ ತರಗತಿ.

ಮಹೋತ್ಸವದ ದಿನ ಬಸ್ಸು ಶಾಲೆಯ ಹೆಬ್ಬಾಗಿಲಿನ ಬಲಕ್ಕೆ, ಬೇವಿನ ಮರದ ಕೆಳಗೆ ನಿಂತಿರುತ್ತದೆ. ಮುಂಬಾಗಿಲಿನ ಪಕ್ಕದಲ್ಲಿ ಅಳತೆಯ ನೋಟುಪುಸ್ತಕ ತೂಗುಹಾಕಿದೆ. ಈ ಲೇಖನ ಬರೆದು ಮುಗಿಸಿದ ಇಂದಿನ ಬೆಳಗಿನ ಐದು ಗಂಟೆಗೆ ಹಿಂದಿನ ಎಡಮೂಲೆ ನಿನ್ನೆಯ ಸಂಜೆಗಿಂತ ೩ ಮಿಲಿಮೀಟರ್ ತಗ್ಗಿದೆ. ರಾತ್ರಿ ಮಳೆ ಬಂದು ತಂಪಾಗಿತ್ತು. ನಾಳೆಯೂ ಅಳೆಯುತ್ತೇನೆ.